ಒಂದು ಬ್ಲಾಕು, ಆರು ದಾರಿ: ಮಿಲ್ಲಿಂಗ್‌ಗೆ ಯಾವ ಕ್ಯಾಮ್ ಕಲಿಯಬೇಕು?

"ಸರ್, ಮಾಸ್ಟರ್‌ಕ್ಯಾಮ್ ಕಲಿಯೋದಾ, ಎನ್‌ಎಕ್ಸ್ ಕಲಿಯೋದಾ? ಫ್ಯೂಷನ್ ಫ್ರೀ ಅಂತಾರೆ, ಅದನ್ನ ಕಲಿತ್ರೆ ಕೆಲಸ ಸಿಗುತ್ತಾ?"

ಪೀಣ್ಯದಲ್ಲಿ ಮೊದಲು ಸೆಟ್ಟರ್ (ಮೆಷಿನ್ನಿಗೆ ಜಾಬ್, ಟೂಲ್ ಕಟ್ಟಿ ಸಜ್ಜುಮಾಡುವವನು) ಆಗಿ, ಆಮೇಲೆ ಪ್ರೋಗ್ರಾಮರ್ ಆಗಿ ದುಡಿದವನು ನಾನು. ಈ ಪ್ರಶ್ನೆ ಕೇಳದ ತಿಂಗಳಿಲ್ಲ. ಆ ಹೆಸರುಗಳೆಲ್ಲ ಕ್ಯಾಮ್ ಸಾಫ್ಟ್‌ವೇರಿನವು. ತಿರುಗುವ ಟೂಲಿನಿಂದ ಲೋಹ ಕಡೆಯುವ (ಅದೇ ಮಿಲ್ಲಿಂಗ್) ಮೆಷಿನ್ನಿಗೆ ಟೂಲ್ ಓಡುವ ದಾರಿ, ಅಂದರೆ ಟೂಲ್‌ಪಾತ್, ಹಾಕಿಕೊಡುವುದು ಕ್ಯಾಮ್. ಕೇಳುವವರು ಮೂರು ಬಗೆ. ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಮುಂದೆ ನಿಂತು ಸೈಕಲ್ ಸ್ಟಾರ್ಟ್ ಒತ್ತಿ ಒತ್ತಿ ಬೇಜಾರಾಗಿ, ಪ್ರೋಗ್ರಾಮರ್ ಆಗಬೇಕೆಂದಿರುವ ಆಪರೇಟರ್ ಒಬ್ಬ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಮೆಷಿನನ್ನು ಗಾಜಿನಾಚೆಯಿಂದಷ್ಟೇ ನೋಡಿರುವ ಹುಡುಗ ಅಥವಾ ಹುಡುಗಿ ಇನ್ನೊಬ್ಬರು. ಸಾಲ ಮಾಡಿ ಒಂದು ಮೆಷಿನ್ ಹಾಕಿಕೊಂಡು, ಪ್ರೋಗ್ರಾಮ್‌ಗೆ ಹೊರಗಿನವರಿಗೆ ಜಾಬಿಗಿಷ್ಟು ಅಂತ ಕೊಟ್ಟು ಸಾಕಾಗಿರುವ ಸಣ್ಣ ಶೆಡ್ ಮಾಲೀಕರು ಮೂರನೆಯವರು. ಮೂವರಿಗೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಅವರು ಯಾವುದೋ ಒಂದು ಸಾಫ್ಟ್‌ವೇರ್ ಮಾರುತ್ತಿರುತ್ತಾರೆ, ಇಲ್ಲವೇ ತಮಗೆ ಬರುವುದು ಅದೊಂದೇ ಆಗಿರುತ್ತದೆ.

ಹಾಗಾಗಿ ಹೆಸರುಗಳನ್ನು ಅಳೆಯುವ ಮೊದಲು ಒಂದು ಜಾಬ್, ಅಂದರೆ ಕಡೆಯಬೇಕಾದ ಪೀಸ್, ಇಟ್ಟುಕೊಳ್ಳೋಣ. 100 × 60 × 25 ಮಿ.ಮೀ. ಅಲ್ಯುಮಿನಿಯಂ ಬ್ಲಾಕ್. ಮೇಲೆ ಫೇಸಿಂಗ್, ಅಂದರೆ ಮುಖ ಸಮತಟ್ಟು ಮಾಡುವುದು. ನಡುವೆ 60 × 30ರ ಪಾಕೆಟ್ (ತಗ್ಗು), ಆಳ 15, ಮೂಲೆಯ ರೇಡಿಯಸ್ 6. ಪಾಕೆಟ್‌ನ ತಳದಲ್ಲಿ ಕೆಳಗಿನವರೆಗೂ ತೂತಾಗುವ 20ರ ಬೋರ್. ನಾಲ್ಕು ಮೂಲೆಗೆ ನಾಲ್ಕು ಎಂ6 ಟ್ಯಾಪ್ (ಬೋಲ್ಟ್ ಕೂರುವ ಥ್ರೆಡ್), ಅದಕ್ಕೆ 5ರ ಡ್ರಿಲ್. ಸುತ್ತ ಅಂಚಿಗೆ ಒಂದು ಮಿಲಿಮೀಟರ್ ಓರೆ, ಅಂದರೆ ಚ್ಯಾಂಫರ್. ಆಮೇಲೆ ತಿರುಗಿಸಿ ಕಟ್ಟಿ ಕೆಳಗಿನ ಫೇಸ್. ಇಷ್ಟೇ. ಆದರೆ ದಿನನಿತ್ಯದ ಜಾಬ್‌ಶಾಪ್ ಕೆಲಸದಲ್ಲಿ ಮುಕ್ಕಾಲು ಪಾಲು ಇದರಲ್ಲೇ ಬಂತು. ಎರಡು ಸೆಟಪ್, ಐದಾರು ಟೂಲ್, ಒಂದು ಟ್ಯಾಪಿಂಗ್, ಬೋರ್ ಹೊಡೆಯುವಾಗ ಜಾಬಿಗೆ ಆಧಾರವಾಗಿ ಕೆಳಗಿಟ್ಟ ಪ್ಯಾರಲಲ್ ಪಟ್ಟಿಗೆ ಟೂಲ್ ತಗಲುವ ಭಯ, ಎಲ್ಲವೂ ಇದೆ. ಯಾವ ಸಾಫ್ಟ್‌ವೇರ್ ಕೈಗೆತ್ತಿಕೊಂಡರೂ ಇದೇ ಬ್ಲಾಕನ್ನು ಮಾಡಿ ನೋಡಿ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಕೋಡ್ ಹೊರಗೆ ಬರುತ್ತದೆಯೇ ಎಂಬುದು. ಪರದೆಯ ಮೇಲೆ ಟೂಲ್ ಓಡಾಡುವುದು ಬೇರೆ, ಜಿ-ಕೋಡ್ (ಮೆಷಿನ್ ಸಾಲುಸಾಲಾಗಿ ಓದುವ ಆಜ್ಞೆಗಳು) ಪೆನ್‌ಡ್ರೈವ್‌ಗೆ ಇಳಿದು ನಿಮ್ಮ ಮೆಷಿನ್ ಅದನ್ನು ತಕರಾರಿಲ್ಲದೆ ಓದುವುದು ಬೇರೆ. ಇದನ್ನು ಮಾಡಿಸುವುದು ಪೋಸ್ಟ್ ಪ್ರೊಸೆಸರ್. ಟೂಲ್‌ಪಾತನ್ನು ಫ್ಯಾನಕ್, ಸೀಮೆನ್ಸ್, ಮಿತ್ಸುಬಿಷಿ ಇತ್ಯಾದಿ ಕಂಟ್ರೋಲರ್‌ನ (ಮೆಷಿನ್ ನಡೆಸುವ ಕಂಪ್ಯೂಟರಿನ) ಭಾಷೆಗೆ ತಿರುಗಿಸುವ ಒಂದು ಸಣ್ಣ ಕಡತ ಅದು. ನನ್ನ ಲೆಕ್ಕದಲ್ಲಿ ಸಾಫ್ಟ್‌ವೇರಿಗಿಂತ ಇದಕ್ಕೇ ತೂಕ ಜಾಸ್ತಿ, ಮುಂದೆ ಹೇಳುತ್ತೇನೆ.

ಎರಡನೆಯದು, ನೀವು ಕೆಲಸ ಹುಡುಕುವ ಊರಿನಲ್ಲಿ ಯಾವುದು ನಡೆಯುತ್ತಿದೆ. ಇದಕ್ಕೆ ಸಮೀಕ್ಷೆ ಬೇಡ. ಕೆಲಸದ ಜಾಹೀರಾತುಗಳನ್ನು ಒಂದು ವಾರ ಓದಿ, ಟೂಲ್ ರೂಮುಗಳಲ್ಲಿ ಇರುವ ಸ್ನೇಹಿತರನ್ನು ಕೇಳಿ, ಯಾವ ಹೆಸರು ಎಷ್ಟು ಸಲ ಬಂತು ಅಂತ ಗೀಟು ಹಾಕಿಕೊಳ್ಳಿ.

ಮೂರನೆಯದು ಜಾಬ್‌ನ ಸ್ವಭಾವ: ನಮ್ಮ ಬ್ಲಾಕಿನಂಥ ಚಚ್ಚೌಕದ್ದೋ, ಡೈ ಮತ್ತು ಮೋಲ್ಡ್‌ನಂಥ ಉಬ್ಬುತಗ್ಗಿನದ್ದೋ, ಟೂಲ್ ಅಥವಾ ಜಾಬ್ ಓರೆಯಾಗಿಯೂ ತಿರುಗುವ ಐದು ಆಕ್ಸಿಸ್‌ನದ್ದೋ. ನಾಲ್ಕನೆಯದು, ಸಿಕ್ಕಿಬಿದ್ದಾಗ ಕೇಳಲು ಯಾರಿದ್ದಾರೆ. ಹಣವನ್ನು ನಾನು ಕೊನೆಗೆ ಇಡುತ್ತೇನೆ. ಅದು ಮುಖ್ಯವಲ್ಲ ಎಂದಲ್ಲ, ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ಎಷ್ಟು ಖರ್ಚು ಎಂಬುದು ತಾನಾಗಿಯೇ ತಿಳಿಯುತ್ತದೆ.

ಕ್ಯಾಮ್ ಬೇಡವೇ ಬೇಡ ಎಂಬ ದಾರಿ

ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಬ್ಲಾಕಿಗೆ ಕ್ಯಾಮ್ ಇಲ್ಲದೆಯೂ ಆಗುತ್ತದೆ. ಸೀಮೆನ್ಸ್ ಕಂಟ್ರೋಲರ್‌ನಲ್ಲಿ ಶಾಪ್‌ಮಿಲ್, ಫ್ಯಾನಕ್‌ನಲ್ಲಿ ಮ್ಯಾನ್ಯುಯಲ್ ಗೈಡ್ ಐ ಎಂಬ ಸೌಲಭ್ಯಗಳಿವೆ. ಪಾಕೆಟ್‌ನ ಉದ್ದ, ಅಗಲ, ಆಳ, ಮೂಲೆ ರೇಡಿಯಸ್ ತುಂಬಿದರೆ ಮೆಷಿನೇ ಪಾತ್ ಮಾಡಿಕೊಳ್ಳುತ್ತದೆ. ನಿಮ್ಮ ಮೆಷಿನ್ ಜೊತೆ ಅದನ್ನು ಕೊಂಡಿದ್ದಾರೆಯೇ ನೋಡಿ. ಎಷ್ಟೋ ಕಡೆ ಇದ್ದೂ ಯಾರೂ ತೆರೆದಿರುವುದಿಲ್ಲ. ಒಂದೊಂದೇ ಪೀಸ್ ಬರುವ ರಿಪೇರಿ ಕೆಲಸ, ಫಿಕ್ಸ್ಚರ್ ಪ್ಲೇಟ್ ಮಾಡುವ ಶೆಡ್‌ಗೆ ಇದೇ ಸಾಕು.

ಕಷ್ಟ ಏನೆಂದರೆ, ನೀವು ಪ್ರೋಗ್ರಾಮ್ ಮಾಡುವಷ್ಟು ಹೊತ್ತೂ ಕಂಟ್ರೋಲರ್ ಮುಂದೆಯೇ ನಿಂತಿರಬೇಕು. ಎಷ್ಟೋ ಕಡೆ ಆ ಹೊತ್ತಿನಲ್ಲಿ ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ಭಾಗ) ಸುಮ್ಮನೆ ನಿಂತಿರುತ್ತದೆ. ವಕ್ರ ಮೇಲ್ಮೈ ಬಂದರಂತೂ ಮುಗಿಯಿತು. ಹಾಗಿದ್ದರೂ ಕಲಿಯುವವರು ಮೊದಲ ಹದಿನೈದು ದಿನ ಕೈಯಲ್ಲೇ ಜಿ-ಕೋಡ್ ಬರೆಯಲಿ ಎಂಬುದು ನನ್ನ ಹಟ. ಜಾಬಿನ ಸೊನ್ನೆ ಹೇಳುವ ಜಿ54 ಎಂದರೆ ಯಾವ ಮೂಲೆ, ಟೂಲಿನ ಉದ್ದ ಲೆಕ್ಕಕ್ಕೆ ತರುವ ಜಿ43ರ ಜೊತೆ ಬರುವ ಹೆಚ್ ನಂಬರ್ ಟೂಲ್ ನಂಬರಿಗೆ ಹೊಂದದಿದ್ದರೆ ಏನಾಗುತ್ತದೆ ಎಂದು ಗೊತ್ತಿಲ್ಲದವನು ಕ್ಯಾಮ್ ಕೊಟ್ಟ ಸಾವಿರ ಸಾಲನ್ನು ಓದಲಾರ. ಓದಲಾಗದ್ದನ್ನು ಮೆಷಿನ್‌ಗೆ ಹಾಕುವುದು ಧೈರ್ಯವಲ್ಲ.

ಫ್ಯೂಷನ್

ಆಟೋಡೆಸ್ಕ್‌ನ ಫ್ಯೂಷನ್ (ಹಿಂದೆ ಫ್ಯೂಷನ್ 360) ಕಲಿಯಲು ಕೂತವರಿಗೆ ಇವತ್ತು ಅತಿ ಸುಲಭವಾಗಿ ಸಿಗುವ ಬಾಗಿಲು. ಡ್ರಾಯಿಂಗ್, ಮಾಡೆಲ್, ಟೂಲ್‌ಪಾತ್ ಎಲ್ಲ ಒಂದೇ ಕಡೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ. ವಿದ್ಯಾರ್ಥಿಗಳಿಗೆ, ಕಾಲೇಜಿನ ದಾಖಲೆ ತೋರಿಸಿದರೆ, ಶೈಕ್ಷಣಿಕ ಪರವಾನಗಿ ಉಚಿತ. ಬೇರೆಯವರಿಗೆ ಸ್ವಂತ ಬಳಕೆಯ ಉಚಿತ ಆವೃತ್ತಿ ಇದೆ. ಇಲ್ಲಿ ಕಣ್ಣು ತೆರೆದಿರಬೇಕು.

ಆ ಉಚಿತ ಆವೃತ್ತಿಯಲ್ಲಿ 2020ರಿಂದ ಕೆಲವು ಕಡಿತಗಳಿವೆ. ಆಟೋಮ್ಯಾಟಿಕ್ ಟೂಲ್ ಚೇಂಜ್ ಇಲ್ಲ, ಆದ್ದರಿಂದ ನಮ್ಮ ಬ್ಲಾಕಿನ ಒಂದೊಂದು ಟೂಲಿಗೂ ಒಂದೊಂದು ಪ್ರೋಗ್ರಾಮ್ ತೆಗೆಯಬೇಕು. ರ್‍ಯಾಪಿಡ್ ಚಲನೆ, ಅಂದರೆ ಗಾಳಿಯಲ್ಲಿ ಟೂಲಿನ ವೇಗದ ಓಟ, ಲೋಹ ಕಡೆಯುವ ನಿಧಾನದ ಕಟಿಂಗ್ ಫೀಡ್‌ಗೆ ಇಳಿಯುತ್ತದೆ. ಇದರ ಅರ್ಥ ಲೆಕ್ಕದಲ್ಲಿ ನೋಡಿ: ಟೂಲ್ ಎತ್ತಿ 80 ಮಿ.ಮೀ. ಆಚೆ ಹೋಗಲು ನಿಮಿಷಕ್ಕೆ 20 ಮೀಟರ್ ರ್‍ಯಾಪಿಡ್‌ನಲ್ಲಿ ಕಾಲು ಸೆಕೆಂಡು, 1000 ಮಿ.ಮೀ. ಫೀಡ್‌ನಲ್ಲಿ ಸುಮಾರು ಐದು ಸೆಕೆಂಡು. ಇಪ್ಪತ್ತು ಸಲ ಎತ್ತಿಳಿಸಿದರೆ ಒಂದೂವರೆ ನಿಮಿಷ ಗಾಳಿಯಲ್ಲೇ ಹೋಯಿತು. ಕಲಿಯುವವರಿಗೆ ಇದು ತೊಂದರೆಯೇ ಅಲ್ಲ. ನನ್ನನ್ನು ಕೇಳಿದರೆ ಒಳ್ಳೆಯದೇ, ಏನಾದರೂ ಎಡವಟ್ಟಾದರೆ ಎಮರ್ಜೆನ್ಸಿ ಒತ್ತಲು ಸಮಯ ಸಿಗುತ್ತದೆ. ಆದರೆ ಅದರಲ್ಲಿ ಗಿರಾಕಿಯ ಜಾಬ್ ಓಡಿಸಿ ಬಿಲ್ ಮಾಡುವುದು ಪರವಾನಗಿಗೆ ವಿರುದ್ಧ. ಶೆಡ್ ಮಾಲೀಕರು ಚಂದಾ ಕಟ್ಟಲೇಬೇಕು. ದೊಡ್ಡ ಪ್ಯಾಕೇಜುಗಳ ಎದುರು ಆ ಮೊತ್ತ ಸಣ್ಣದು, ಮಲ್ಟಿ-ಆಕ್ಸಿಸ್ ಬೇಕಾದರೆ ಏರುತ್ತದೆ.

ಇದರ ದೊಡ್ಡ ಬಲ ಪೋಸ್ಟ್‌ಗಳ ಗ್ರಂಥಾಲಯ. ಫ್ಯಾನಕ್, ಸೀಮೆನ್ಸ್, ಹಾಸ್, ಹೈಡೆನ್‌ಹೈನ್ ಎಲ್ಲಕ್ಕೂ ಪೋಸ್ಟ್ ಬಿಟ್ಟಿಯಾಗಿ ಸಿಗುತ್ತದೆ, ಒಳಗೆಲ್ಲ ಜಾವಾಸ್ಕ್ರಿಪ್ಟ್, ಸ್ವಲ್ಪ ತಾಳ್ಮೆ ಇದ್ದರೆ ನೀವೇ ತಿದ್ದಬಹುದು. ದೌರ್ಬಲ್ಯ, ಇಂಟರ್ನೆಟ್ ಮೇಲಿನ ಅವಲಂಬನೆ. ಗಿರಾಕಿಯ ಡ್ರಾಯಿಂಗ್ ಹೊರಗೆ ಹೋಗಬಾರದು ಎಂದು ಬರೆಸಿಕೊಂಡಿರುವ ಕಂಪನಿಗಳಲ್ಲಿ ಕ್ಲೌಡ್ ಎಂಬ ಪದಕ್ಕೇ ಬಾಗಿಲು ಮುಚ್ಚುತ್ತಾರೆ.

ಫ್ರೀಕ್ಯಾಡ್

ನಿಜವಾಗಿಯೂ ಉಚಿತ, ನಾಳೆ ಯಾರೂ ಷರತ್ತು ಬದಲಿಸಲಾರರು. 2024ರ ನವೆಂಬರಿನಲ್ಲಿ 1.0 ಆವೃತ್ತಿ ಬಂತು, ಹಿಂದೆ ಪಾತ್ ಎಂದಿದ್ದ ವಿಭಾಗದ ಹೆಸರು ಈಗ ಕ್ಯಾಮ್. ನಮ್ಮ ಬ್ಲಾಕಿನ ಫೇಸಿಂಗ್, ಪಾಕೆಟ್, ಡ್ರಿಲ್, ಬೋರಿಗೆ ಹೆಲಿಕ್ಸ್ (ಸುರುಳಿ ಪಾತ್), ಎಲ್ಲ ಅದರಲ್ಲಿ ಆಗುತ್ತದೆ. ಅಡಾಪ್ಟಿವ್ ಎಂಬ ತಂತ್ರ ಕೂಡ ಇದೆ, ಅದೇನೆಂದು ಮುಂದೆ ಹೇಳುತ್ತೇನೆ. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಆದರೆ ಇದನ್ನು ಕಲಿತು ಸಂದರ್ಶನಕ್ಕೆ ಹೋದರೆ ಎದುರಿಗಿರುವವರು "ಯಾವುದದು?" ಎನ್ನುತ್ತಾರೆ. ಮೂರು ಆಯಾಮದ ವಕ್ರ ಮೇಲ್ಮೈಗಳಲ್ಲಿ ಇನ್ನೂ ಹಿಂದೆ. ಫ್ಯಾನಕ್ ವಿಎಂಸಿಗೆ ಅದರ ಪೋಸ್ಟ್ ಬಳಸುವುದಾದರೆ ಪೈಥಾನ್ ಮುಟ್ಟುವ ಮನಸ್ಸಿರಬೇಕು. ಮನೆಯಲ್ಲಿ ಸಣ್ಣ ರೌಟರ್ ಮೆಷಿನ್ ಇಟ್ಟುಕೊಂಡು ಮರ, ಅಕ್ರಿಲಿಕ್ ಕೊರೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಲಸಕ್ಕಾಗಿ ಕಲಿಯುವವರಿಗೆ ಕೊನೆಗೆ.

ಮಾಸ್ಟರ್‌ಕ್ಯಾಮ್

ಅಮೆರಿಕದಲ್ಲಿ 1983ರಲ್ಲಿ ಶುರುವಾದ ಕಂಪನಿಯದ್ದು. 2021ರಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕ್ ಅದನ್ನು ಕೊಂಡಿತು. ಹೌದು, ಇನ್ಸರ್ಟ್ (ಟೂಲಿಗೆ ಕೂರಿಸುವ ಕತ್ತರಿಸುವ ತುಂಡು) ಮಾಡುವ ಗುಂಪೇ. ನಮ್ಮ ಕಡೆಯ ಜಾಬ್‌ಶಾಪ್‌ಗಳಲ್ಲಿ ಪ್ರೋಗ್ರಾಮರ್ ಬೇಕು ಎಂದರೆ ಬಹಳ ಸಲ ಕೇಳಿಬರುವ ಹೆಸರು ಇದು. ಟೂಲ್‌ಪಾತ್ ಹಾಕುವ ಕ್ರಮ ನೇರ: ಅಂಚನ್ನು ಚೈನ್ ಮಾಡು (ಸಾಲಾಗಿ ಆರಿಸು), ಟೂಲ್ ಆರಿಸು, ಆಳ ಕೊಡು, ವೆರಿಫೈ ನೋಡು. ಮೆಷಿನ್ ಗೊತ್ತಿರುವ ಆಪರೇಟರ್‌ಗೆ ಎರಡು ತಿಂಗಳಲ್ಲಿ ನಮ್ಮ ಬ್ಲಾಕು ನೀರು ಕುಡಿದಷ್ಟು ಸುಲಭವಾಗುತ್ತದೆ.

ಕಲಿಕೆಯ ಆವೃತ್ತಿ ಉಚಿತವಾಗಿ ಸಿಗುತ್ತದೆ, ಆದರೆ ಅದರಿಂದ ಕೋಡ್ ಹೊರಗೆ ಬರುವುದಿಲ್ಲ. ನನ್ನ ಮೊದಲ ಮಾನದಂಡದಲ್ಲಿ ಇದು ಇಲ್ಲೇ ಸೋತಿತು. ಬಟನ್ ಎಲ್ಲೆಲ್ಲಿದೆ ಎಂದು ಕಲಿಯಬಹುದು, ಚಿಪ್ (ಕಡೆದು ಬೀಳುವ ಲೋಹದ ಚೂರು) ನೋಡಲಾಗುವುದಿಲ್ಲ. ಪೂರ್ಣ ಪರವಾನಗಿ ಲಕ್ಷಗಳ ಮಾತು, ಪೋಸ್ಟ್ ಸರಿಮಾಡಿಸಲು ಡೀಲರ್ ಕಡೆ ಹೋಗಬೇಕು. ಈ ಅಂತರದಲ್ಲೇ ಪೈರಸಿ ಪೆನ್‌ಡ್ರೈವ್‌ಗಳು ಓಡಾಡುತ್ತವೆ. ಶೆಡ್ ಮಾಲೀಕರೇ, ಬೇಡ. ನೋಟಿಸ್ ಬಂದಾಗ ಕಟ್ಟುವ ದುಡ್ಡು ದೊಡ್ಡದು. ಅದಕ್ಕೂ ಮೊದಲು, ಅದರ ಜೊತೆ ಬರುವ ಪೋಸ್ಟ್ ಯಾವ ಮೆಷಿನ್ನಿನದೋ ದೇವರಿಗೇ ಗೊತ್ತು.

ಎನ್‌ಎಕ್ಸ್, ಮತ್ತೆ ಉಳಿದವರು

ಸೀಮೆನ್ಸ್‌ನ ಎನ್‌ಎಕ್ಸ್ ಆನೆ. ವಿಮಾನದ ಬಿಡಿಭಾಗ, ದೊಡ್ಡ ಡೈ, ಐದು ಆಕ್ಸಿಸ್ ಕೆಲಸ ಇರುವ ಕಡೆ ಕಾಣಿಸುತ್ತದೆ. ಮೊದಲ ದಿನವೇ ಕೆಲವರಿಗೆ ತಲೆ ತಿರುಗುತ್ತದೆ, ಏಕೆಂದರೆ ಅದರಲ್ಲಿ ಒಂದೇ ಆಪರೇಷನ್ನನ್ನು ನಾಲ್ಕು ಕಡೆಯಿಂದ ನೋಡಬೇಕು: ಪ್ರೋಗ್ರಾಮ್ ಕ್ರಮ, ಟೂಲ್, ಜ್ಯಾಮೆಟ್ರಿ, ಮೆಥಡ್. ನಮ್ಮ ಬ್ಲಾಕಿಗೆ ಇದು ಗುಬ್ಬಿಗೆ ಫಿರಂಗಿ. ಆದರೆ ಆ ನಾಲ್ಕು ನೋಟ ಅಭ್ಯಾಸವಾದವನು ಪ್ರೋಸೆಸ್ ಪ್ಲಾನರ್ ಥರ ಯೋಚಿಸಲು ಕಲಿಯುತ್ತಾನೆ, ಸಂಬಳವೂ ಅದಕ್ಕೇ. ಸ್ವಂತ ದುಡ್ಡಿನಲ್ಲಿ ಕೊಳ್ಳುವ ಮಾತೇ ಇಲ್ಲ, ಸಂಸ್ಥೆಯಲ್ಲಿ ಅಥವಾ ಕಂಪನಿಯಲ್ಲೇ ಕಲಿಯಬೇಕು. ಮೊದಲ ಸಾಫ್ಟ್‌ವೇರ್ ಆಗಿ ಬೇಡ, ಎರಡನೆಯದಾಗಿ ಬಹಳ ಒಳ್ಳೆಯದು.

ಕಾರ್ಖಾನೆಯಲ್ಲಿ ಈಗಾಗಲೇ ಸಾಲಿಡ್‌ವರ್ಕ್ಸ್ ಇದ್ದರೆ ಹೊರಗೆ ಹುಡುಕುವ ಮುಂಚೆ ಒಳಗೆ ನೋಡಿ. ಅದರ ಚಂದಾ ಕಟ್ಟುತ್ತಿರುವವರಿಗೆ ಸಾಲಿಡ್‌ವರ್ಕ್ಸ್ ಕ್ಯಾಮ್‌ನ ಸ್ಟ್ಯಾಂಡರ್ಡ್ ಆವೃತ್ತಿ ಜೊತೆಯಲ್ಲೇ ಬರುತ್ತದೆ, ನಮ್ಮ ಬ್ಲಾಕಿನಂಥ ಎರಡೂವರೆ ಆಕ್ಸಿಸ್ (ಒಂದೊಂದು ಆಳಕ್ಕೆ ಇಳಿದು ಸಮತಟ್ಟಾಗಿ ಕಡೆಯುವ) ಕೆಲಸಕ್ಕೆ ಸಾಲುತ್ತದೆ. ಅದರ ಒಳಗಿರುವುದು ಕ್ಯಾಮ್‌ವರ್ಕ್ಸ್, ರಂಧ್ರ, ಪಾಕೆಟ್‌ಗಳನ್ನು ತಾನೇ ಗುರುತಿಸುತ್ತದೆ. ಸಾಲಿಡ್‌ಕ್ಯಾಮ್ ಕೂಡ ಸಾಲಿಡ್‌ವರ್ಕ್ಸ್ ಒಳಗೇ ಕೂರುತ್ತದೆ, ಅದರ ಐಮೆಷಿನಿಂಗ್ ಸ್ಪೀಡ್-ಫೀಡನ್ನೂ ತಾನೇ ಲೆಕ್ಕ ಹಾಕಿ ಕೊಡುತ್ತದೆ. ಹೊಸಬರಿಗೆ ಇದು ವರವೂ ಹೌದು, ಶಾಪವೂ ಹೌದು. ಮೋಲ್ಡ್ ಕೆಲಸವೇ ಗುರಿ ಎಂದಾದರೆ ಪವರ್‌ಮಿಲ್, ಹೈಪರ್‌ಮಿಲ್ ಹೆಸರು ನೆನಪಿಡಿ, ಈಗಲೇ ಅಲ್ಲ.

ಪೋಸ್ಟ್ ಕೆಟ್ಟರೆ

ನನ್ನ ಕಥೆ. ಪ್ರೋಗ್ರಾಮಿಂಗ್‌ಗೆ ಕೂತ ಮೊದಲ ವರ್ಷ, ಗೆಳೆಯನೊಬ್ಬನ ಕಡೆಯಿಂದ ತಂದ ಪೋಸ್ಟ್‌ನಲ್ಲಿ ಇಂಥದ್ದೇ ಒಂದು ಪ್ಲೇಟ್ ತೆಗೆದೆ. ಸಿಮ್ಯುಲೇಷನ್‌ನಲ್ಲಿ ಎಲ್ಲ ಹಸಿರು. ಫೇಸಿಂಗ್, ಪಾಕೆಟ್, ಡ್ರಿಲ್ ಚೆನ್ನಾಗಿಯೇ ಆಯಿತು. ಟ್ಯಾಪ್ ಇಳಿಯಿತು, ತಳದಲ್ಲಿ ಟಕ್ ಅಂತು, ಮೇಲೆ ಬಂದದ್ದು ಹೋಲ್ಡರ್ ಮಾತ್ರ. ನಮ್ಮ ಫ್ಯಾನಕ್ ಮೆಷಿನ್‌ಗೆ ರಿಜಿಡ್ ಟ್ಯಾಪಿಂಗ್ (ಸ್ಪಿಂಡಲ್‌ಗೂ ಫೀಡಿಗೂ ತಾಳ ಕೂಡಿಸಿ ಥ್ರೆಡ್ ಹಾಕುವುದು) ಮಾಡಲು ಟ್ಯಾಪಿಂಗ್ ಆಜ್ಞೆಯಾದ ಜಿ84ಕ್ಕೆ ಮೊದಲು ಎಂ29 ಬೇಕಿತ್ತು. ಗೆಳೆಯನ ಮೆಷಿನ್ನಿನಲ್ಲಿ ಪ್ಯಾರಾಮೀಟರ್ ಬೇರೆ, ಅಲ್ಲಿ ಬೇಕಿರಲಿಲ್ಲ, ಪೋಸ್ಟ್ ಅದನ್ನು ಬರೆದಿರಲಿಲ್ಲ. ಸ್ಪಿಂಡಲ್ ಒಂದು ಲಯದಲ್ಲಿ, ಫೀಡ್ ಒಂದು ಲಯದಲ್ಲಿ. ಎಂ6ರ ಪಿಚ್ (ಒಂದು ಸುತ್ತಿನಲ್ಲಿ ಇಳಿಯುವ ದೂರ) ಒಂದು ಮಿಲಿಮೀಟರ್, 500 ಆರ್‌ಪಿಎಂಗೆ ಫೀಡ್ ಸರಿಯಾಗಿ 500 ಇರಬೇಕು, ಸ್ಪಿಂಡಲ್ ದಿಕ್ಕು ಬದಲಿಸುವ ಕ್ಷಣದಲ್ಲೂ ಎರಡೂ ಒಟ್ಟಿಗಿರಬೇಕು. ತಪ್ಪು ನನ್ನದೇ, ಕೋಡ್ ತೆರೆದು ಆ ಒಂದು ಸಾಲು ನೋಡಿರಲಿಲ್ಲ.

ಇನ್ನೊಂದು ಬಲೆ ದಶಮಾಂಶ ಬಿಂದು. ಕೆಲವು ಫ್ಯಾನಕ್ ಮೆಷಿನ್‌ಗಳ ಸೆಟ್ಟಿಂಗ್‌ನಲ್ಲಿ ಎಕ್ಸ್100 ಎಂದು ಬರೆದು ಚುಕ್ಕಿ ಇಡದಿದ್ದರೆ ಅದು ನೂರು ಮಿಲಿಮೀಟರ್ ಅಲ್ಲ, ನೂರು ಮೈಕ್ರಾನ್. ಸಿಮ್ಯುಲೇಷನ್ ನಿಮ್ಮ ಕ್ಯಾಮ್ ಒಳಗಿನ ಪಾತನ್ನು ತೋರಿಸುತ್ತದೆಯೇ ಹೊರತು ಪೋಸ್ಟ್ ಬರೆದ ಅಕ್ಷರಗಳನ್ನಲ್ಲ. ಹೊರಬಂದ ಜಿ-ಕೋಡನ್ನೇ ಓದಿ ಚಿತ್ರಿಸುವ ಉಚಿತ ಉಪಕರಣಗಳಿವೆ, ಕ್ಯಾಮೋಟಿಕ್ಸ್ ಅಂಥದ್ದೊಂದು, ಬಳಸಿ. ಜಾಬ್ ಹಿಡಿಯುವ ವೈಸ್ ಮತ್ತು ಪ್ಯಾರಲಲ್‌ನ ಚಿತ್ರವನ್ನೂ ಬಿಡಿಸಿರದಿದ್ದರೆ ಅವು ಯಾವ ಸಿಮ್ಯುಲೇಷನ್‌ಗೂ ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಸಾಫ್ಟ್‌ವೇರ್ ಬದಲಾದರೂ ಬದಲಾಗದ್ದು

ಎಲ್ಲರೂ ಹೊಗಳಿಕೊಳ್ಳುವ ತಂತ್ರ ಒಂದೇ, ಹೆಸರು ಬೇರೆಬೇರೆ. ಫ್ಯೂಷನ್, ಫ್ರೀಕ್ಯಾಡ್‌ನಲ್ಲಿ ಅಡಾಪ್ಟಿವ್, ಮಾಸ್ಟರ್‌ಕ್ಯಾಮ್‌ನಲ್ಲಿ ಡೈನಾಮಿಕ್, ಸಾಲಿಡ್‌ಕ್ಯಾಮ್‌ನಲ್ಲಿ ಐಮೆಷಿನಿಂಗ್. ನಮ್ಮ ಪಾಕೆಟನ್ನು 10 ಮಿ.ಮೀ. ವ್ಯಾಸದ ಎಂಡ್ ಮಿಲ್ (ಕಡೆಯುವ ಟೂಲ್) ಹಾಕಿ ಹಳೆಯ ಕ್ರಮದಲ್ಲಿ ತೆಗೆಯುವಾಗ ಅರ್ಧ ಟೂಲ್ ಅಗಲ, 3 ಮಿ.ಮೀ. ಆಳ ಇಡುತ್ತೇವೆ. ನೇರ ಗೆರೆಯಲ್ಲಿ ಟೂಲಿನ 90 ಡಿಗ್ರಿ ಭಾಗ ಲೋಹದಲ್ಲಿರುತ್ತದೆ, ಮೂಲೆಗೆ ಹೋದಾಗ ಅದು ಹೆಚ್ಚುಕಡಿಮೆ ಎರಡರಷ್ಟಾಗಿ ಟೂಲ್ ಕಿರುಚುತ್ತದೆ. ಅಡಾಪ್ಟಿವ್ ಕ್ರಮದಲ್ಲಿ ಪೂರ್ತಿ 15 ಆಳಕ್ಕೆ ಇಳಿದು ಒಂದೇ ಮಿಲಿಮೀಟರ್ ಅಗಲ ಕೆರೆಯುತ್ತ ಸುತ್ತು ಬರುತ್ತದೆ, ಮೂಲೆಯಲ್ಲೂ ಹಿಡಿತ ಬದಲಾಗದಂತೆ. ಆಳ × ಅಗಲ 3 × 5 ಆದರೂ 15 × 1 ಆದರೂ ಒಂದೇ ಹದಿನೈದು, ಒಂದೇ ಫೀಡ್‌ನಲ್ಲಿ ತೆಗೆಯುವ ಲೋಹ ಅಷ್ಟೇ. ಆದರೆ ಅಗಲ ವ್ಯಾಸದ ಹತ್ತನೇ ಒಂದಾದಾಗ ಚಿಪ್‌ನ ದಪ್ಪ ನೀವು ಕೊಟ್ಟ ಫೀಡಿನ ಶೇ. 60ಕ್ಕೆ ಇಳಿಯುತ್ತದೆ, ಆದ್ದರಿಂದ ಫೀಡನ್ನು ಒಂದೂವರೆ ಪಟ್ಟಿಗೂ ಹೆಚ್ಚು ಏರಿಸಬಹುದು. ಸವೆತವೂ ಟೂಲಿನ ತುದಿಗೆ ಮಾತ್ರ ಬೀಳದೆ ಉದ್ದಕ್ಕೂ ಹಂಚಿಹೋಗುತ್ತದೆ. ಮೂಲೆಯ ರೇಡಿಯಸ್ 6, ಟೂಲಿನದು 5 ಇರುವುದರಿಂದ ಫಿನಿಶಿಂಗ್‌ನಲ್ಲೂ ಟೂಲ್ ಮೂಲೆಯಲ್ಲಿ ನಿಲ್ಲದೆ ಹೊರಳುತ್ತದೆ. ಇದು ಅರ್ಥವಾದವನಿಗೆ ಸಾಫ್ಟ್‌ವೇರ್ ಬದಲಿಸುವುದು ಊರು ಬದಲಿಸಿದ ಹಾಗೆ, ಹೋಟೆಲ್ ಎಲ್ಲಿದೆ ಎಂದು ಒಂದು ವಾರ ಕೇಳಬೇಕು, ಅಷ್ಟೇ.

ಸ್ಪೀಡ್ ಲೆಕ್ಕವೂ ಹಾಗೆಯೇ. ಕಟಿಂಗ್ ಸ್ಪೀಡ್ ನಿಮಿಷಕ್ಕೆ 200 ಮೀಟರ್, ಟೂಲ್ 10 ಎಂದರೆ ಸುಮಾರು 6370 ಆರ್‌ಪಿಎಂ. ಮೂರು ಹಲ್ಲು, ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ ನಿಮಿಷಕ್ಕೆ ಸುಮಾರು 955 ಮಿ.ಮೀ. ನಿಮ್ಮ ಸ್ಪಿಂಡಲ್ 6000ಕ್ಕೇ ನಿಂತರೆ ಫೀಡನ್ನೂ 900ಕ್ಕೆ ಇಳಿಸಬೇಕು. ಸಾಫ್ಟ್‌ವೇರ್‌ಗೆ ನಿಮ್ಮ ಸ್ಪಿಂಡಲ್ ಮಿತಿಯನ್ನು ನೀವೇ ಹೇಳಿರಬೇಕು.

ಎಲ್ಲಿ ಕಲಿಯುವುದು

ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಹೀಗೆ ಹಲವು ಕಡೆ ಇದೆ. ಅಲ್ಪಾವಧಿಯ ಕ್ಯಾಡ್-ಕ್ಯಾಮ್ ಕೋರ್ಸುಗಳೂ ಇವೆ. ಪೀಣ್ಯದ ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆ ಇನ್ನೊಂದು. ಖಾಸಗಿ ಸಂಸ್ಥೆಗಳಲ್ಲಿ ಸಂಜೆ ಬ್ಯಾಚು, ಭಾನುವಾರದ ಬ್ಯಾಚು ಸಿಗುತ್ತದೆ, ಶಿಫ್ಟ್‌ನಲ್ಲಿ ದುಡಿಯುವವರಿಗೆ ಅದೇ ಅನುಕೂಲ. ಫೀಸು ಕೇಳುವ ಮುಂಚೆ ಎರಡು ಪ್ರಶ್ನೆ ಕೇಳಿ: ಮೆಷಿನ್ ಇದೆಯೇ, ನಾನು ತೆಗೆದ ಪ್ರೋಗ್ರಾಮನ್ನು ನಾನೇ ಓಡಿಸಲು ಬಿಡುತ್ತೀರಾ? "ಸಿಮ್ಯುಲೇಷನ್ ತೋರಿಸ್ತೀವಿ" ಎಂಬ ಉತ್ತರ ಬಂದರೆ ಆ ಕೋರ್ಸು ಅರ್ಧ ಎಂದು ಲೆಕ್ಕ ಹಾಕಿ, ಫೀಸೂ ಅರ್ಧ ಇದೆಯೇ ನೋಡಿ.

ಹಾಗಾದರೆ ಯಾರು ಏನು ಹಿಡಿಯಬೇಕು

ಆಪರೇಟರ್ ತಮ್ಮನಿಗೆ: ನಿನ್ನ ಕಂಪನಿಯಲ್ಲಿ ಯಾವುದಿದೆಯೋ ಅದೇ. ಪ್ರೋಗ್ರಾಮರ್ ಪಕ್ಕದಲ್ಲಿ ಊಟದ ಅರ್ಧ ಗಂಟೆ ಕೂತರೆ ಸಿಗುವ ವಿದ್ಯೆ ಯಾವ ಕೋರ್ಸಿನಲ್ಲೂ ಸಿಗದು, ಮೆಷಿನ್ ನಿನ್ನ ಎದುರಿಗೇ ಇದೆ. ಅಲ್ಲಿ ಕ್ಯಾಮೇ ಇಲ್ಲದಿದ್ದರೆ ಮನೆಯಲ್ಲಿ ಫ್ಯೂಷನ್‌ನಲ್ಲಿ ಶುರುಮಾಡಿ, ಆರು ತಿಂಗಳ ಮೇಲೆ ಮಾಸ್ಟರ್‌ಕ್ಯಾಮ್ ಕೋರ್ಸಿಗೆ ದುಡ್ಡು ಹಾಕು.

ವಿದ್ಯಾರ್ಥಿಗಳಿಗೆ: ಶೈಕ್ಷಣಿಕ ಫ್ಯೂಷನ್ ಇರುವಷ್ಟು ದಿನ ಹಿಂಡಿಕೊಳ್ಳಿ. ಜೊತೆಗೆ ಕಾಲೇಜಿನ ವರ್ಕ್‌ಶಾಪಿನ ಬೀಗ ಯಾರ ಬಳಿ ಇದೆಯೋ ಅವರ ಸ್ನೇಹ ಮಾಡಿ. ಕೊನೆಯ ವರ್ಷದಲ್ಲಿ ಎನ್‌ಎಕ್ಸ್ ಕಲಿಸುವ ಕೇಂದ್ರ ಸಿಕ್ಕರೆ ಬಿಡಬೇಡಿ. ಸಂದರ್ಶನಕ್ಕೆ ಸರ್ಟಿಫಿಕೇಟ್ ಜೊತೆ ನೀವೇ ಕಡೆದ ಆ ಬ್ಲಾಕನ್ನೂ ಒಯ್ಯಿರಿ, ಟೇಬಲ್ ಮೇಲೆ ಇಡಿ. ಪ್ರಶ್ನೆಗಳು ಆ ಬ್ಲಾಕಿನ ಸುತ್ತಲೇ ಬರುತ್ತವೆ, ಉತ್ತರ ನಿಮಗೆ ಗೊತ್ತಿರುತ್ತದೆ.

ಶೆಡ್ ಮಾಲೀಕರಿಗೆ: ಮೊದಲು ಕಂಟ್ರೋಲರ್‌ನಲ್ಲೇ ಏನಿದೆ ನೋಡಿ. ಚಚ್ಚೌಕದ ಕೆಲಸವೇ ಜಾಸ್ತಿ ಎಂದರೆ ಫ್ಯೂಷನ್ ಚಂದಾ ಸಾಕು. ಕೆಲಸದವರು ಬಂದುಹೋಗುತ್ತಿರುತ್ತಾರೆ, ಬಂದವನಿಗೆ ತಕ್ಷಣ ಕೈಗೆ ಹತ್ತಬೇಕು ಎಂದರೆ ಮಾಸ್ಟರ್‌ಕ್ಯಾಮ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿದೆ. ಯಾವುದಾದರೂ ಸರಿ, ಡೆಮೊ ಕೊಡಲು ಬಂದವರ ಲ್ಯಾಪ್‌ಟಾಪಿನಲ್ಲಿ ಅವರು ತಂದ ಟರ್ಬೈನ್ ಎಲೆ ನೋಡಿ ಮರುಳಾಗಬೇಡಿ. ನಿಮ್ಮ ಬ್ಲಾಕಿನ ಡ್ರಾಯಿಂಗ್ ಕೊಡಿ, ಅಲ್ಲೇ ಪ್ರೋಗ್ರಾಮ್ ಮಾಡಿಸಿ, ಅವರ ಪೋಸ್ಟ್‌ನಲ್ಲಿ ಕೋಡ್ ತೆಗೆಸಿ, ನಿಮ್ಮ ಮೆಷಿನ್‌ನಲ್ಲಿ ಸಿಂಗಲ್ ಬ್ಲಾಕ್‌ನಲ್ಲಿ (ಕೋಡಿನ ಒಂದೊಂದೇ ಸಾಲಾಗಿ) ಓಡಿಸಿ. ನಾಲ್ಕನೇ ಎಂ6 ಟ್ಯಾಪ್ ಮುರಿಯದೆ ಮೇಲೆ ಬಂದ ಮೇಲೆ ಚೆಕ್ ಬರೆಯಿರಿ.